ಕ್ಯಾನ್ಸರ್ ರೋಗಿಗಳಲ್ಲಿ ಕೀಮೋಪೋರ್ಟ್: ಉಂಟಾಗಬಹುದಾದ ತೊಡಕುಗಳು ಮತ್ತು ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಕೀಮೋಥೆರಪಿ ಔಷಧಿಗಳನ್ನು ಹಲವು ತಿಂಗಳುಗಳ ಕಾಲ ರಕ್ತನಾಳದ ಮೂಲಕ ನೀಡಬೇಕಾಗುತ್ತದೆ. ಪದೇ ಪದೇ ಸೂಜಿ ಚುಚ್ಚುವುದರಿಂದಲೂ, ಔಷಧಿಗಳ ತೀಕ್ಷ್ಣತೆಯಿಂದಲೂ ಕೈಯ ರಕ್ತನಾಳಗಳು ಗಟ್ಟಿಯಾಗಿ ನಿರುಪಯುಕ್ತವಾಗುತ್ತವೆ. ಇದನ್ನು ನಿವಾರಿಸಲು ಸಾಮಾನ್ಯವಾಗಿ ಎದೆಯ ಮೇಲ್ಭಾಗದ ಚರ್ಮದಡಿಯಲ್ಲಿ ಕೀಮೋಪೋರ್ಟ್ ಎಂಬ ಸಾಧನವನ್ನು ಅಳವಡಿಸಲಾಗುತ್ತದೆ. ಈ ಬಗೆಯ ಸಾಧನವು 1982ರಿಂದ ವೈದ್ಯಕೀಯ ಬಳಕೆಯಲ್ಲಿದೆ.

ಸಾಧನದ ಸ್ವರೂಪ

ಟೈಟಾನಿಯಂ ಅಥವಾ ಪ್ಲಾಸ್ಟಿಕ್‌ನಿಂದ ತಯಾರಿಸಿದ ಸಣ್ಣ ಕೋಶ, ಅದರ ಮೇಲೆ ಸಿಲಿಕೋನ್ ಮುಚ್ಚಳ ಹಾಗೂ ಕೋಶದಿಂದ ಹೃದಯದ ಸಮೀಪದ ದೊಡ್ಡ ರಕ್ತನಾಳವನ್ನು ತಲುಪುವ ತೆಳುವಾದ ನಳಿಕೆ, ಇವು ಇದರ ಭಾಗಗಳು. ಹ್ಯೂಬರ್ ಸೂಜಿ ಎಂಬ ವಿಶೇಷ ಸೂಜಿಯಿಂದ ಮಾತ್ರ ಇದನ್ನು ಚುಚ್ಚತಕ್ಕದ್ದು. ಸಾಧಾರಣ ಸೂಜಿಯು ಸಿಲಿಕೋನ್ ಮುಚ್ಚಳವನ್ನು ಕೊರೆದು ಸೋರಿಕೆಗೆ ಕಾರಣವಾಗಬಹುದು. ಗಾಯವು ಸಂಪೂರ್ಣವಾಗಿ ಮಾಗಿದ ನಂತರ, ಸೂಜಿ ಇಲ್ಲದಿರುವಾಗ, ರೋಗಿಯು ಸ್ನಾನ ಹಾಗೂ ದೈನಂದಿನ ಕೆಲಸಗಳನ್ನು ಮಾಡಬಹುದು.

ಉಂಟಾಗಬಹುದಾದ ತೊಡಕುಗಳು

1. ಅಳವಡಿಕೆಯ ಸಮಯದ ತೊಡಕುಗಳು: ರಕ್ತಸ್ರಾವ, ಹೃದಯ ಬಡಿತದಲ್ಲಿ ಏರುಪೇರು, ನಳಿಕೆಯು ತಪ್ಪು ಸ್ಥಾನ ಸೇರುವುದು ಹಾಗೂ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವುದು. ಅಲ್ಟ್ರಾಸೌಂಡ್ ನೆರವಿನಿಂದ ಅಳವಡಿಸಿದಲ್ಲಿ ಇವುಗಳ ಸಂಭವ ಕಡಿಮೆಯಾಗುತ್ತದೆ.

2. ಸೋಂಕು: ಇದು ಅತ್ಯಂತ ಗಂಭೀರ ತೊಡಕುಗಳಲ್ಲಿ ಒಂದು. ಪೋರ್ಟ್ ಇರುವ ಜಾಗ ಕೆಂಪಾಗುವುದು, ಊತ, ನೋವು ಅಥವಾ ಕೀವು ಕಾಣಬಹುದು. ಆದರೆ ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕಡಿಮೆಯಾಗಿರುವ ರೋಗಿಯಲ್ಲಿ ಈ ಹೊರಗಿನ ಚಿಹ್ನೆಗಳು ಯಾವುವೂ ಕಾಣದೆ, ಜ್ವರವೊಂದೇ ಲಕ್ಷಣವಾಗಿರಬಹುದು. ಪೋರ್ಟ್‌ಗೆ ದ್ರಾವಣ ಹಾಯಿಸಿದ ಸ್ವಲ್ಪ ಹೊತ್ತಿನಲ್ಲೇ ಚಳಿ ನಡುಕ ಬಂದಲ್ಲಿ ನಳಿಕೆಯೊಳಗೆ ಸೋಂಕಿದೆ ಎಂದು ಶಂಕಿಸಬೇಕಾಗುತ್ತದೆ. ಕೆಲವು ಬಗೆಯ ಸೋಂಕುಗಳಲ್ಲಿ ಪೋರ್ಟ್ ಅನ್ನು ತೆಗೆಯುವುದು ಅನಿವಾರ್ಯ.

3. ರಕ್ತ ಹೆಪ್ಪುಗಟ್ಟುವುದು: ಪೋರ್ಟ್ ಇರುವ ಬದಿಯ ಕೈ, ಕುತ್ತಿಗೆ ಅಥವಾ ಮುಖದಲ್ಲಿ ಊತ, ನೋವು, ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣುವುದು ಇದರ ಲಕ್ಷಣಗಳು. ಹೆಪ್ಪು ಶ್ವಾಸಕೋಶಕ್ಕೆ ಸಾಗಿದಲ್ಲಿ ಪ್ರಾಣಾಪಾಯವಿದೆ. ಪೋರ್ಟ್ ಸರಿಯಾಗಿ ಕೆಲಸ ಮಾಡುತ್ತಿದ್ದು, ಅದರ ಅಗತ್ಯವೂ ಇದ್ದಲ್ಲಿ, ಅದನ್ನು ಉಳಿಸಿಕೊಂಡೇ ರಕ್ತ ತೆಳುವಾಗಿಸುವ ಔಷಧಿ ನೀಡಲು ಹಲವು ವೇಳೆ ಸಾಧ್ಯವಾಗುತ್ತದೆ.

4. ನಳಿಕೆ ಕಟ್ಟಿಕೊಳ್ಳುವುದು: ದ್ರಾವಣ ಒಳಹೋದರೂ ರಕ್ತ ಹಿಂದಕ್ಕೆ ಬಾರದಿರಬಹುದು. ಕಾರಣ ತಿಳಿಯುವವರೆಗೆ ಔಷಧಿ ನೀಡುವುದು ಸೂಕ್ತವಲ್ಲ.

5. ಔಷಧಿ ಸೋರಿಕೆ: ಸೂಜಿ ಜಾರಿದಲ್ಲಿ ಅಥವಾ ನಳಿಕೆ ಹರಿದಲ್ಲಿ ಔಷಧಿಯು ಸುತ್ತಲಿನ ಮಾಂಸವನ್ನು ಸುಡಬಹುದು. ಔಷಧಿ ಹರಿಯುವಾಗ ಉರಿ ಅಥವಾ ಊತ ಕಂಡಲ್ಲಿ ಆ ಕ್ಷಣವೇ ದಾದಿಯವರಿಗೆ ತಿಳಿಸತಕ್ಕದ್ದು.

6. ನಳಿಕೆ ತುಂಡಾಗುವುದು: ಇದು ವಿರಳ. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನಳಿಕೆಯು ಸಿಲುಕಿ ಸವೆಯುವುದು ಇದಕ್ಕೆ ಒಂದು ಕಾರಣ. ಕೈ ಎತ್ತಿದಾಗ ಮಾತ್ರ ದ್ರಾವಣ ಸರಾಗವಾಗಿ ಹರಿಯುವುದು ಇದರ ಮುನ್ಸೂಚನೆ.

ತುರ್ತಾಗಿ ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

ಅ) 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಹೆಚ್ಚಿನ ಜ್ವರ, ಚಳಿ ನಡುಕ.
ಆ) ಉಸಿರಾಟದ ತೊಂದರೆ, ಎದೆನೋವು.
ಇ) ಕೈ, ಕುತ್ತಿಗೆ ಅಥವಾ ಮುಖದ ಊತ.
ಈ) ಪೋರ್ಟ್ ಜಾಗದಲ್ಲಿ ಕೀವು, ರಕ್ತಸ್ರಾವ ಅಥವಾ ಚರ್ಮ ತೆರೆದುಕೊಳ್ಳುವುದು.

ದೂರದ ಊರುಗಳ ರೋಗಿಗಳು ಜ್ವರದ ಮಾತ್ರೆ ಸೇವಿಸಿ, ಮುಂದಿನ ಕೀಮೋಥೆರಪಿಯ ದಿನದವರೆಗೆ ಕಾಯುವುದು ಅಪಾಯಕರ. ಮಾತ್ರೆಯು ಜ್ವರವನ್ನು ಮರೆಮಾಚುತ್ತದೆಯೇ ಹೊರತು ಸೋಂಕನ್ನು ಗುಣಪಡಿಸುವುದಿಲ್ಲ. ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯು ದೂರವಿದ್ದಲ್ಲಿ ಸಮೀಪದ ಆಸ್ಪತ್ರೆಗೆ ತೆರಳಿ, ತಾವು ಕೀಮೋಥೆರಪಿ ಪಡೆಯುತ್ತಿರುವ ವಿಷಯವನ್ನೂ, ಪೋರ್ಟ್ ಇರುವುದನ್ನೂ ಮೊದಲೇ ತಿಳಿಸತಕ್ಕದ್ದು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

ನಿರ್ವಹಣೆ

* ಪೋರ್ಟ್ ಬಳಕೆಯಲ್ಲಿ ಇಲ್ಲದಿರುವಾಗಲೂ ವೈದ್ಯರು ಸೂಚಿಸಿದ ಅವಧಿಗೊಮ್ಮೆ ದ್ರಾವಣ ಹಾಯಿಸಿ ಶುದ್ಧಗೊಳಿಸಿಕೊಳ್ಳುವುದು. ಈ ಅವಧಿಯು ಆಸ್ಪತ್ರೆಯಿಂದ ಆಸ್ಪತ್ರೆಗೆ 4ರಿಂದ 12 ವಾರಗಳವರೆಗೆ ಇರಬಹುದು.
* ಈ ಕಾರ್ಯಕ್ಕೆ 10 ಮಿ.ಲೀ. ಅಥವಾ ಅದಕ್ಕಿಂತ ದೊಡ್ಡ ಸಿರಿಂಜ್ ಬಳಸಲಾಗುತ್ತದೆ. ಸಣ್ಣ ಸಿರಿಂಜಿನ ಅಧಿಕ ಒತ್ತಡದಿಂದ ನಳಿಕೆಗೆ ಹಾನಿಯಾಗಬಹುದು.
* ಅಳವಡಿಕೆಯ ಸಂದರ್ಭದಲ್ಲಿ ನೀಡಿದ ಪೋರ್ಟ್ ಕಾರ್ಡ್ ಅನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು ಹಾಗೂ ಸ್ಕ್ಯಾನಿಂಗ್‌ಗೆ ಮುನ್ನ ತೋರಿಸುವುದು.
* ಚಿಕಿತ್ಸೆ ಮುಗಿದ ನಂತರ ಪೋರ್ಟ್ ತೆಗೆಸುವ ಬಗ್ಗೆ ವೈದ್ಯರಲ್ಲಿ ವಿಚಾರಿಸುವುದು. ಮರೆತು ಬಿಡತಕ್ಕದ್ದಲ್ಲ.

ಆರ್ಥಿಕ ನೆರವು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಲಭ್ಯವಿದೆ. ಪೋರ್ಟ್ ಅಳವಡಿಕೆ, ಅದರ ತೊಡಕುಗಳ ಚಿಕಿತ್ಸೆ ಹಾಗೂ ತೆಗೆಯುವಿಕೆಯ ವೆಚ್ಚವು ಯೋಜನೆಯ ವ್ಯಾಪ್ತಿಗೆ ಬರುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು. ಆಧಾರ್ ಕಾರ್ಡ್, ಪಡಿತರ ಚೀಟಿ ಹಾಗೂ ಚಿಕಿತ್ಸಾ ದಾಖಲೆಗಳನ್ನು ಜೊತೆಯಲ್ಲಿ ತರತಕ್ಕದ್ದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ಸಂಬಂಧಿಸಿದಂತೆ ವೈದ್ಯರ ಸಲಹೆಯೇ ಅಂತಿಮ.