ಸಸ್ಯಜನ್ಯ ಕೀಟನಾಶಕಗಳು ಮತ್ತು ವಿಕರ್ಷಕಗಳು: ಕಾರವಾರ, ಅಂಕೋಲಾ

ರೋಗವಾಹಕ ಕೀಟಗಳನ್ನು ಕೊಲ್ಲುವ (ಕೀಟನಾಶಕ) ಅಥವಾ ಮೈಮೇಲೆ ಕೂರದಂತೆ ದೂರವಿಡುವ (ವಿಕರ್ಷಕ) ಸಸ್ಯಮೂಲದ ದ್ರವ್ಯಗಳು. ಕಾರವಾರ ಆಡಳಿತ ಕೇಂದ್ರವಾಗಿದ್ದ, ಅಂದಿನ ಮುಂಬಯಿ ಪ್ರಾಂತದ ಕೆನರಾ ಜಿಲ್ಲೆಯಲ್ಲಿ ಮಲೇರಿಯಾ ತೀವ್ರವಾಗಿದ್ದು, ಹರಿಯುವ ತೊರೆಗಳ ಅಂಚಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಅದರ ಮುಖ್ಯ ವಾಹಕವಾಗಿತ್ತು. 1946ರ ಸುಮಾರಿಗೆ ಮಲೇರಿಯಾ ತಜ್ಞರಾದ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಇಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಮಲೇರಿಯಾವನ್ನು ಹತೋಟಿಗೆ ತಂದರು. ಅದಕ್ಕೂ ಮುನ್ನ ಭಾರತದಲ್ಲಿ ಹಾರುವ ಸೊಳ್ಳೆಗಳ ಮೇಲೆ ಸಿಂಪಡಿಸುತ್ತಿದ್ದುದು ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರಿಥ್ರಮ್ ಎಂಬ ಸಸ್ಯಸತ್ವ. ಅದು ಕೀಟದ ನರಗಳನ್ನು ಬಲುಬೇಗ ಕೆಡಿಸಿದರೂ ಬೆಳಕಿಗೆ ಸತ್ವ ಕಳೆದುಕೊಳ್ಳುವುದರಿಂದ, ತಿಂಗಳುಗಟ್ಟಲೆ ಗೋಡೆಯಲ್ಲಿ ಉಳಿಯುವ ಡಿಡಿಟಿಯೆದುರು ಹಿಂದೆ ಸರಿಯಿತು.

ಮನೆಮಟ್ಟದ ಬಳಕೆಯಲ್ಲಿ ಬೇವು ಮತ್ತು ಲಕ್ಕಿ ಸೊಪ್ಪಿನ ಹೊಗೆ ಹಳೆಯದು. ಹೊಗೆ ಸೊಳ್ಳೆಯನ್ನು ಕೊಲ್ಲದೆ ಚದುರಿಸುತ್ತದೆ, ಆದರೆ ಮುಚ್ಚಿದ ಕೋಣೆಯಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮಕ್ಕಳಿರುವಲ್ಲಿ ಸಲ್ಲದು. ಬೇವಿನ ಎಣ್ಣೆಯನ್ನು ತೆಂಗಿನೆಣ್ಣೆಯಲ್ಲಿ ಶೇಕಡಾ 2ರಷ್ಟು ಬೆರೆಸಿ ಹಚ್ಚುವ ಕ್ರಮವನ್ನು ಭಾರತೀಯ ಸಂಶೋಧಕರು ಪರೀಕ್ಷಿಸಿ ಸೊಳ್ಳೆಗಳ ವಿರುದ್ಧ ಪರಿಣಾಮಕಾರಿಯೆಂದು ಕಂಡಿದ್ದಾರೆ. ಈ ಕರಾವಳಿಗೆ ಹೆಚ್ಚು ಹತ್ತಿರವಾದುದು ಗೇರುಬೀಜದ ಸಿಪ್ಪೆಯ ಎಣ್ಣೆ: ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮರಿಹುಳುಗಳನ್ನು ಕೊಲ್ಲುವುದು ಪ್ರಯೋಗಗಳಲ್ಲಿ ದೃಢಪಟ್ಟಿದೆಯಾದರೂ, ಚರ್ಮಕ್ಕೆ ತಾಗಿದರೆ ಬೊಬ್ಬೆಯೇಳುವುದರಿಂದ ಅದನ್ನು ಮೈಗೆ ಹಚ್ಚುವಂತಿಲ್ಲ. ಸೊಳ್ಳೆಯಲ್ಲದೆ ಇನ್ನೊಂದು ರೋಗವಾಹಕವಾದ, ಮಂಗನ ಕಾಯಿಲೆಯನ್ನು ಹರಡುವ ಉಣ್ಣೆ (ಉಣುಗು) ಕೀಟವಲ್ಲ, ಜೇಡದ ಬಳಗದ ಜೀವಿ. ಅದರಿಂದ ರಕ್ಷಣೆಗೆಂದು ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಸ್ಯಜನ್ಯವಲ್ಲ, ಸಂಶ್ಲೇಷಿತ ರಾಸಾಯನಿಕ.