ರೋಣದ ಹಸಿವಿಗೆ ಬಟಾಟಿ ಯಾಕೆ ಬರಲಿಲ್ಲ?

ಗಜೇಂದ್ರಗಡದ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಇದನ್ನ ಕೇಳ್ತಿದ್ದರೆ, ಪಕ್ಕದ ಅಂಗಡಿಯ ಬಾಣಲೆಯಲ್ಲಿ ಬಟಾಟಿ ವಡೆ ಏಳ್ತಿರಬಹುದು. ಆದ್ರೆ ಆ ಬಟಾಟಿ ಈ ಊರ ಹೊಲದ್ದಲ್ಲ. ಹಾಸನದ್ದೋ, ಬೆಳಗಾವಿಯದ್ದೋ, ಉತ್ತರದ ಕೋಲ್ಡ್ ಸ್ಟೋರೇಜ್‌ನದ್ದೋ, ಅಂತೂ ಲಾರಿ ಏರಿ ಬಂದದ್ದು.

ಜಗತ್ತಿನ ಹಸಿವು ನೀಗಿಸೋ ಬೆಳೆ ಅಂತ ವಿಶ್ವಸಂಸ್ಥೆ 2008ನ್ನು ಆಲೂಗಡ್ಡೆ ವರ್ಷ ಅಂತ ಸಾರಿತ್ತು. ಇವತ್ತು ಚೀನಾ ಬಿಟ್ಟರೆ ಅತಿ ಹೆಚ್ಚು ಆಲೂಗಡ್ಡೆ ಬೆಳೆಯೋ ದೇಶ ನಮ್ಮದೇ. ಹಾಗಾದ್ರೆ ರೋಣ, ನರಗುಂದದ ಕಡೆ ಬರ ಬಿದ್ದಾಗ ಈ ಗಡ್ಡೆ ಎಲ್ಲಿತ್ತು?

ಮೊದಲು ಹೆಸರಿನ ಕತೆ. ‘ಬಟಾಟಾ’ ಅನ್ನೋದು ಮೂಲದಲ್ಲಿ ಕೆರಿಬಿಯನ್ ದ್ವೀಪಗಳ ಜನ ಗೆಣಸಿಗೆ ಇಟ್ಟಿದ್ದ ಹೆಸರು. ಪೋರ್ಚುಗೀಸರ ಬಾಯಿಂದ ಅದು ಕೊಂಕಣಿ, ಮರಾಠಿಗೆ ಬಂತು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಕಡೆ ‘ಬಟಾಟಿ’ ಆಯ್ತು. ಗಡ್ಡೆಯ ತವರು ಮಾತ್ರ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ತಂಪು ರಾತ್ರಿ, ಸಡಿಲ ಮಣ್ಣು ಅದಕ್ಕೆ ಬೇಕು. ರೋಣ, ನರಗುಂದದ ನೆಲವೋ ಎರೆ ಭೂಮಿ. ಮಳೆಗೆ ಅಂಟಾಗುತ್ತೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳೋ ಹಾಗೆ ಬಿರಿಯುತ್ತೆ. ಅದರೊಳಗೆ ಗಡ್ಡೆ ಹಿಗ್ಗೋದು ಕಷ್ಟ. ಅದೇ ಎರೆ ಹಿಂಗಾರಿ ಮಳೆಯ ತೇವ ಹಿಡಿದಿಟ್ಟು, ಮುಂದೆ ಮಳೆ ಇಲ್ಲದೆಯೂ ಬಿಳಿಜೋಳವನ್ನ ಬೆಳೆಸುತ್ತೆ.

ಬೆಳೆದ ಜೋಳ ಇಡೋಕೆ ಹಗೇವು ಇತ್ತು. ನೀರು ನಿಲ್ಲದ ಗಟ್ಟಿ ನೆಲ ನೋಡಿ ಅಗೆದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗೀತು. ಒಳಗಿನ ಕಾಳೂ ಹುಳವೂ ಉಸಿರಾಡಿ ಇದ್ದ ಆಮ್ಲಜನಕ ಖಾಲಿಯಾಗುತ್ತೆ, ಹುಳ ಸಾಯುತ್ತೆ, ಕಾಳು ವರ್ಷಗಟ್ಟಲೆ ಉಳಿಯುತ್ತೆ. ಅದಕ್ಕೇ ಹಗೇವು ತೆಗೆದ ಕೂಡಲೇ ಇಳಿಯೋ ಹಾಗಿಲ್ಲ. ಕಂದೀಲು ಇಳಿಬಿಟ್ಟು ನೋಡಬೇಕು, ಆರಿದರೆ ಒಳಗೆ ಹೋದವನ ಜೀವವೂ ಹೋಗುತ್ತೆ. ಆ ಜೋಳಕ್ಕೆ ಒಂಥರಾ ಕಮಟು ವಾಸನೆ ಇರುತ್ತೆ, ಆದ್ರೆ ರೊಟ್ಟಿ ಆಗುತ್ತೆ. ಬಟಾಟಿ ನಮ್ಮ ಸೆಕೆಯಲ್ಲಿ ಒಂದೆರಡು ತಿಂಗಳಿಗೇ ಮೊಳಕೆ ಬರುತ್ತೆ ಇಲ್ಲ ಕೊಳೆಯುತ್ತೆ. ಆಂಡಿಸ್ ಜನ ಇದಕ್ಕೂ ದಾರಿ ಕಂಡುಕೊಂಡಿದ್ರು. ರಾತ್ರಿ ಹೆಪ್ಪುಗಟ್ಟಿಸಿ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು, ಒಣಗಿಸಿ ಇಡ್ತಿದ್ರು. ‘ಚುನ್ಯೋ’ ಅಂತ ಅದರ ಹೆಸರು. ಅವರ ಹಗೇವು ಅದು ಅನ್ನಬಹುದು. ಆ ಹಿಮ ರೋಣದಲ್ಲಿ ಎಲ್ಲಿಂದ ತರೋದು?

ಇಷ್ಟೆಲ್ಲಾ ಇದ್ದೂ 1876ರಲ್ಲಿ ಈ ಸೀಮೆ ಸತ್ತಿತು. ಮಳೆ ಕೈಕೊಟ್ಟಿದ್ದು ನಿಜ. ಆದ್ರೆ ಅದಕ್ಕೂ ಮುಂಚಿನ ಹತ್ತು-ಹದಿನೈದು ವರ್ಷ ನೋಡಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ. ಹತ್ತಿ ಬೆಳೆದವನ ಕೈಗೆ ರೊಕ್ಕ ಬರುತ್ತೆ, ಹಗೇವಿಗೆ ಕಾಳು ಬರಲ್ಲ. ಬರದಲ್ಲಿ ಕಾಳಿನ ಬೆಲೆ ಏರಿದಾಗ ಆ ರೊಕ್ಕ ಎಷ್ಟು ದಿನ? ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತು ಮಾಡಿದ ಕೂಲಿ ದಿನಕ್ಕೆ ಸುಮಾರು 450 ಗ್ರಾಂ ಕಾಳು, ಮೇಲೆ ಒಂದು ಆಣೆ. ಅದೇ ವರ್ಷಗಳಲ್ಲಿ ಇಂಡಿಯಾದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗ್ತಲೇ ಇತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯಲ್ಲಿ ಸುಮಾರು 1 ಲಕ್ಷ ಜನ ಕಡಿಮೆ. ರೋಣ, ನರಗುಂದ ಎಲ್ಲಾ ಆಗ ಅದೇ ಜಿಲ್ಲೆ.

ಬಟಾಟಿ ಇದ್ದಿದ್ರೆ ಉಳೀತಿದ್ರಾ? ಐರ್ಲೆಂಡಿನಲ್ಲಿ ಇತ್ತಲ್ಲ! ಅಲ್ಲಿನ ಬಡವರು ಬಹುತೇಕ ಅದೊಂದನ್ನೇ, ಅದರಲ್ಲೂ ‘ಲಂಪರ್’ ಅನ್ನೋ ಒಂದೇ ತಳಿಯನ್ನೇ ನಂಬಿದ್ರು. 1845ರಲ್ಲಿ ಅಂಗಮಾರಿ ರೋಗ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಅಲ್ಲಿಂದಲೂ ಆ ದಿನಗಳಲ್ಲಿ ಧಾನ್ಯ ಹಡಗೇರಿ ಹೋಗ್ತಿತ್ತು, ಅದೇ ಇಂಗ್ಲೆಂಡಿಗೆ. ಮೂವತ್ತು ವರ್ಷ ಕಳೆದು ನಮ್ಮಲ್ಲಿ ನಡೆದದ್ದು ಹೊಸದೇನಲ್ಲ ಅಂತ ನನಗನ್ನಿಸೋದು ಇದಕ್ಕೇ.

ಬರ ಮುಗಿದ ಮೇಲೆ ಸರ್ಕಾರ ರೈಲು ತಂತು. 1884ರಲ್ಲಿ ಶುರುವಾದ ಹೊಟಗಿ–ಗದಗ ಲೈನು ಬರಗಾಲದ ಲೈನು ಅಂತಲೇ ಹಾಕಿದ್ದು. ರೋಣ ತಾಲೂಕಿನ ಹೊಳೆ ಆಲೂರಿನಲ್ಲಿ ರೈಲು ಹತ್ತುವವರಿಗೆ ಇದು ನೆನಪಿರಲಿ. ಕಾಳು ತರೋ ರೈಲು ಹತ್ತಿಯನ್ನೂ ಒಯ್ಯುತ್ತೆ, ಅದು ಬೇರೆ ಮಾತು.

ಹಾಗಂತ ಬಟಾಟಿಯನ್ನ ಬೈಯಬೇಡಿ. ಜೋಳದಲ್ಲಿ ಇಲ್ಲದ ಸಿ ವಿಟಮಿನ್ ಅದರಲ್ಲಿದೆ. ಬಟಾಟಿಯಲ್ಲಿ ಕಡಿಮೆ ಇರೋ ಪ್ರೋಟೀನು, ಕಬ್ಬಿಣ ಜೋಳದಲ್ಲಿದೆ. ರೊಟ್ಟಿಗೆ ಬಟಾಟಿ ಪಲ್ಯ ಹಚ್ಚಿಕೊಂಡು ತಿನ್ನೋದು ಒಳ್ಳೇ ಊಟವೇ. ತೊಂದರೆ ಇರೋದು ತಟ್ಟೆಯಲ್ಲಿ ಅಲ್ಲ, ಹೊಲದಲ್ಲಿ. ಜೋಳ ಇದ್ದ ಎಷ್ಟೋ ಹೊಲಗಳಲ್ಲಿ ಈಗ ಗೋವಿನಜೋಳ, ಕಡಲೆ, ಹತ್ತಿ. ಮಾರೋದಕ್ಕೆ ಬೆಳೆಯೋದು, ತಿನ್ನೋದಕ್ಕೆ ಕೊಳ್ಳೋದು, ಉಳಿದದ್ದಕ್ಕೆ ರೇಷನ್ ಅಕ್ಕಿ.

ನಿಮ್ಮ ಓಣಿಯಲ್ಲಿ ಹಗೇವು ಎಲ್ಲಿತ್ತು ಅಂತ ಮನೆಯ ಅಜ್ಜಿಯನ್ನ ಕೇಳಿ ನೋಡಿ. ಅದನ್ನ ಮುಚ್ಚಿದ್ದು ಯಾವಾಗ, ಕೊನೇ ಸಲ ಇಳಿದವರು ಯಾರು ಅಂತಾನೂ ಕೇಳಿ. ಅವರು ಹೇಳಿದ್ದನ್ನ ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ. ಮುಂದಿನ ವಾರ ಕೇಳಿಸ್ತೀವಿ.