ಕುಡಿ ಚೀನ್ ಓಣಿಯ ಪರಂಗಿ ತಿಂಡಿ

ನಾವು ಬ್ಯಾಂಕಾಕಿಗೆ ಹೋದದ್ದು ನಾಲ್ಕೇ ದಿನಗಳ ಬಿಡುವಿನಲ್ಲಿ. ಮುಂಬೈಯಿಂದ ಹೊರಟ ನಾಲ್ವರಲ್ಲಿ ಇಬ್ಬರಿಗೆ ದೇವಾಲಯಗಳನ್ನು ನೋಡುವ ಆಸೆ, ಒಬ್ಬರಿಗೆ ನದಿಯಲ್ಲಿ ತಿರುಗುವ ಆಸೆ, ಇನ್ನೊಬ್ಬರಿಗೆ ಬರೀ ವಿಶ್ರಾಂತಿಯ ಆಸೆ. ಎಲ್ಲರಿಗೂ ಸಮಾನವಾಗಿದ್ದುದು ಬೀದಿಬದಿಯ ತಿನಿಸುಗಳ ಕುತೂಹಲ. ಮೊದಲ ದಿನವೇ ಒಂದು ತಳ್ಳುಗಾಡಿಯ ಮುಂದೆ ನಿಂತೆವು. ಗುಳಿಗಳುಳ್ಳ ಕಾವಲಿಗೆ ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲಿನ ಮಿಶ್ರಣವನ್ನು ಹೊಯ್ದು, ಮುಚ್ಚಳ ಮುಚ್ಚಿ, ಅಂಚು ಗರಿಗರಿಯಾದೊಡನೆ ಚಮಚದಿಂದ ಎಬ್ಬಿಸಿ ಕೊಡುತ್ತಿದ್ದರು. ‘ಖನೊಮ್ ಕ್ರೋಕ್’ ಎಂದು ಅದರ ಹೆಸರು. “ಅಯ್ಯೋ, ಇದು ನಮ್ಮ ಪಡ್ಡು!” ಎಂದು ನಮ್ಮಲ್ಲೊಬ್ಬರು ಉದ್ಗರಿಸಿದರು. “ಗುಳಿಯಪ್ಪ ಅನ್ನಿ” ಎಂದು ಮತ್ತೊಬ್ಬರು ತಿದ್ದಿದರು. ಅದು ನಮ್ಮದೆಂಬುದರಲ್ಲಿ ಮಾತ್ರ ಇಬ್ಬರಿಗೂ ಸಂಶಯವಿರಲಿಲ್ಲ.

ನಾಡಿನಿಂದ ಹೊರಗಿರುವ ನಮಗೆ ಈ ಚಟ ತುಸು ಹೆಚ್ಚು. ಎಲ್ಲಿ ಹೋದರೂ ನಮ್ಮ ಮನೆಯ ಗುರುತೊಂದನ್ನು ಹುಡುಕುತ್ತೇವೆ. ಸಿಕ್ಕರೆ ಅದು ಇಲ್ಲಿಂದಲೇ ಅಲ್ಲಿಗೆ ಹೋಯಿತೆಂದು ತೀರ್ಪನ್ನೂ ಕೊಟ್ಟುಬಿಡುತ್ತೇವೆ. ಆದರೆ ಹೋಲಿಕೆಯೇ ಇತಿಹಾಸವಲ್ಲ. ಅಕ್ಕಿಯೂ ತೆಂಗೂ ಬೆಳೆಯುವ ಎರಡು ನಾಡುಗಳಲ್ಲಿ ಗುಳಿಯ ಕಾವಲಿ ಇರುವುದರಿಂದ ಒಂದು ಇನ್ನೊಂದರ ಮಗುವೆಂದು ಸಿದ್ಧವಾಗುವುದಿಲ್ಲ. ನಿಜವಾದ ನಂಟು ಅನೇಕ ಸಲ ನಾವು ನೋಡದ ಕಡೆ ಅಡಗಿರುತ್ತದೆ ಎಂಬುದು ನಮಗೆ ಮರುದಿನ ತಿಳಿಯಿತು.

ಚಾವೊ ಫ್ರಾಯಾ ನದಿಯ ಪಶ್ಚಿಮ ದಂಡೆಯಲ್ಲಿ ಕುಡಿ ಚೀನ್ ಎಂಬ ಹಳೆಯ ಕೇರಿಯಿದೆ. ‘ಕುಡಿ’ ಎಂದರೆ ಭಿಕ್ಷುಗಳ ವಸತಿ. ಪಾಳಿಯ ‘ಕುಟಿ’ಯಿಂದ ಬಂದ ಮಾತು, ನಮ್ಮ ಕುಟೀರದ ಬಂಧು. ಚೀನೀ ಗುಡಿ, ಬೌದ್ಧ ವಿಹಾರ, ಮಸೀದಿ ಮತ್ತು ಇಗರ್ಜಿ ಇಲ್ಲಿ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ. ಸಾಂತಾ ಕ್ರೂಜ್ ಇಗರ್ಜಿಯ ಹಿಂದಿನ ಓಣಿಗಳು ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದು. ಅಲ್ಲಿ ಕೆಲವೇ ಮನೆಗಳು ಇಂದಿಗೂ ‘ಖನೊಮ್ ಫರಂಗ್ ಕುಡಿ ಚೀನ್’ ಎಂಬ ಪುಟ್ಟ ಕೇಕನ್ನು ಮಾಡುತ್ತವೆ. ಮೈದಾ, ಬಾತುಕೋಳಿಯ ಮೊಟ್ಟೆ, ಸಕ್ಕರೆ, ಇಷ್ಟೇ ಅದರ ಮೂಲದ್ರವ್ಯ. ಬೆಣ್ಣೆಯಿಲ್ಲ, ಸೋಡವಿಲ್ಲ, ಮೊಟ್ಟೆಯನ್ನು ಬಹಳ ಹೊತ್ತು ಕಡೆದಾಗ ಸೇರಿಕೊಳ್ಳುವ ಗಾಳಿಯೇ ಅದನ್ನು ಉಬ್ಬಿಸುತ್ತದೆ. ಮೇಲೆ ಒಣದ್ರಾಕ್ಷಿ ಮತ್ತು ಸಕ್ಕರೆಪಾಕದಲ್ಲಿ ಅದ್ದಿದ ಬೂದುಗುಂಬಳದ ಚೂರು. ದೆಹಲಿಯ ಓದುಗರಿಗೆ ಆಗ್ರಾದ ಪೇಠಾ ನೆನಪಾದೀತು. ಇಲ್ಲಿ ಅದು ಚೀನೀಯರ ಕೊಡುಗೆ. ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸುವುದು ಹಳೆಯ ಕ್ರಮ.

ನಮ್ಮನ್ನು ತಡೆದು ನಿಲ್ಲಿಸಿದ್ದು ಅದರ ರುಚಿಗಿಂತ ಹೆಸರು. ಥಾಯ್ ಭಾಷೆಯ ‘ಫರಂಗ್’ ಎಂದರೆ ಪಾಶ್ಚಾತ್ಯ. ಸೀಬೆಹಣ್ಣಿಗೂ ಅಲ್ಲಿ ಅದೇ ಹೆಸರು. ಫ್ರಾಂಕ್ ಜನರ ಹೆಸರು ಅರಬ್ಬಿ, ಪಾರಸಿ ಬಾಯಿಗಳಲ್ಲಿ ತಿರುಗಿ, ವರ್ತಕರ ಹಡಗುಗಳನ್ನೇರಿ ಪೂರ್ವದ ಬಂದರುಗಳಿಗೆಲ್ಲ ಬಂತು. ನಮ್ಮಲ್ಲಿ ಅದು ‘ಪರಂಗಿ’ಯಾಯಿತು. ಅವರು ಸೀಬೆಗೆ ಕೊಟ್ಟ ಹೆಸರನ್ನು ನಾವು ಪಪ್ಪಾಯಿಗೆ ಕೊಟ್ಟು ಪರಂಗಿ ಹಣ್ಣು ಎಂದೆವು. ಎರಡೂ ಅಮೆರಿಕ ಖಂಡದ ಹಣ್ಣುಗಳು. ಅದೇ ಮಾತು ‘ಫಿರಂಗಿ’ಯಾಗಿ ಕನ್ನಡದಲ್ಲಿ ತೋಪಿನ ಹೆಸರೂ ಆಯಿತು. ಬಂದವರು ಒಂದು ಕೈಯಲ್ಲಿ ಹಣ್ಣನ್ನೂ ಇನ್ನೊಂದರಲ್ಲಿ ತೋಪನ್ನೂ ತಂದರೆಂಬುದನ್ನು ನಮ್ಮ ನುಡಿ ಮರೆತಿಲ್ಲ.

ತೋಪಿನ ಕಥೆ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ. 1510ರಲ್ಲಿ ಅಫೊನ್ಸೊ ದೆ ಅಲ್ಬುಕರ್ಕ್ ಬಿಜಾಪುರದ ಸುಲ್ತಾನರಿಂದ ಗೋವೆಯನ್ನು ಕಸಿದುಕೊಂಡಾಗ ಅವನಿಗೆ ಪ್ರೇರಣೆಯನ್ನೂ ನೆರವನ್ನೂ ನೀಡಿದವನು ಹೊನ್ನಾವರದ ನಾವಿಕ ನಾಯಕ. ಪೋರ್ಚುಗೀಸ್ ಬರಹಗಾರರು ಅವನನ್ನು ತಿಮೋಜ ಎಂದು ಕರೆದರು. ಮರುವರ್ಷ, 1511ರಲ್ಲಿ, ಅಲ್ಬುಕರ್ಕ್ ಮಲಕ್ಕವನ್ನು ಗೆದ್ದ. ಆ ಪ್ರದೇಶದ ಮೇಲೆ ಹಕ್ಕು ಸಾಧಿಸುತ್ತಿದ್ದ ಸಯಾಮಿನ ರಾಜನನ್ನು ಒಲಿಸಿಕೊಳ್ಳಲು ದುವಾರ್ತೆ ಫೆರ್ನಾಂದಿಸ್ ಎಂಬ ದೂತನನ್ನು ಅಯುತ್ಥಯ ರಾಜಧಾನಿಗೆ ಕಳುಹಿಸಿದ. 1516ರ ಒಪ್ಪಂದದಿಂದ ಪೋರ್ಚುಗೀಸರಿಗೆ ವ್ಯಾಪಾರದ ಮತ್ತು ನೆಲೆಸುವ ಹಕ್ಕು ದೊರೆಯಿತು. ಪ್ರತಿಯಾಗಿ ಅವರು ಬಂದೂಕು, ಮದ್ದುಗುಂಡುಗಳನ್ನು ಒದಗಿಸಬೇಕಿತ್ತು. ಅಯುತ್ಥಯದ ನದೀತೀರದಲ್ಲಿ ಅವರ ಕೇರಿ ಬೆಳೆಯಿತು. ಅಲ್ಲಿನ ಸಾನ್ ಪೇದ್ರೊ ಇಗರ್ಜಿಯ ತಳಪಾಯವನ್ನೂ ಸಮಾಧಿಗಳನ್ನೂ 1984ರಿಂದೀಚೆಗೆ ಉತ್ಖನನ ಮಾಡಿ ಹೊರತೆಗೆದಿದ್ದಾರೆ. 1767ರಲ್ಲಿ ಬರ್ಮಾದ ಸೇನೆ ಅಯುತ್ಥಯವನ್ನು ಸುಟ್ಟಿತು. ಥೋನ್‌ಬುರಿಯಲ್ಲಿ ಹೊಸ ರಾಜಧಾನಿ ಕಟ್ಟಿದ ತಾಕ್‌ಸಿನ್ ದೊರೆ, ಯುದ್ಧದಲ್ಲಿ ಜೊತೆಗಿದ್ದ ಆ ಜನರಿಗೆ ಇಗರ್ಜಿಗಾಗಿ ನೆಲ ಕೊಟ್ಟ. ಅದೇ ಕುಡಿ ಚೀನ್. ಈಗ ಕಾಣುವ ಇಗರ್ಜಿಯ ಕಟ್ಟಡ 1916ರದು.

ಸಿಹಿಯ ಕಥೆಗೆ ಥಾಯ್ ಜನರು ಒಬ್ಬ ಹೆಣ್ಣಿನ ಹೆಸರನ್ನು ಹೇಳುತ್ತಾರೆ: ಮರಿಯಾ ಗುಯೋಮಾರ್ ದೆ ಪಿನ್ಯಾ. ಜಪಾನಿ, ಪೋರ್ಚುಗೀಸ್ ಮತ್ತು ಬಂಗಾಳಿ ಮೂಲಗಳು ಕೂಡಿದ ಕ್ರೈಸ್ತ ಮನೆತನದವಳು, ಹುಟ್ಟಿದ್ದು ಅಯುತ್ಥಯದಲ್ಲಿ. 1682ರಲ್ಲಿ ಗ್ರೀಕ್ ಸಾಹಸಿ ಕಾನ್‌ಸ್ಟಂಟೈನ್ ಫಾಲ್ಕನನನ್ನು ವರಿಸಿದಳು. ನಾರಾಯ್ ದೊರೆಯ ಬಲಗೈಯಾಗಿ ಬೆಳೆದ ಫಾಲ್ಕನ್ 1688ರ ಅರಮನೆ ಕ್ರಾಂತಿಯಲ್ಲಿ ತಲೆ ತೆತ್ತ. ಮರಿಯಾ ಬ್ಯಾಂಕಾಕಿನ ಫ್ರೆಂಚ್ ಕೋಟೆಗೆ ಓಡಿ ಆಶ್ರಯ ಬೇಡಿದಳು. ಸೇನಾಧಿಪತಿ ದೆಫಾರ್ಜ್ ಅವಳನ್ನು ಸಯಾಮಿನವರಿಗೇ ಒಪ್ಪಿಸಿಬಿಟ್ಟ. ಮುಂದೆ ಅವಳ ಪಾಲಿಗೆ ಬಂದದ್ದು ಅರಮನೆಯ ಅಡುಗೆಮನೆಯ ದಾಸ್ಯ. ‘ಫೊಯ್ ಥೋಂಗ್’, ‘ಥೋಂಗ್ ಯಿಪ್’, ‘ಥೋಂಗ್ ಯೋತ್’ ಎಂಬ ಬಂಗಾರದ ಬಣ್ಣದ ಸಿಹಿಗಳನ್ನು ಕಲಿಸಿದವಳು ಅವಳೇ ಎಂಬುದು ಜನಪ್ರಿಯ ನಂಬಿಕೆ.

ಫೊಯ್ ಥೋಂಗ್ ಎಂದರೆ ಚಿನ್ನದ ಎಳೆ. ಕುದಿಯುವ ಸಕ್ಕರೆಪಾಕಕ್ಕೆ ಮೊಟ್ಟೆಯ ಹಳದಿಯನ್ನು ಸಣ್ಣ ರಂಧ್ರದಿಂದ ನೂಲಿನಂತೆ ಸುರಿದು, ಸುತ್ತಿ ಮಡಚಿ ತೆಗೆಯುತ್ತಾರೆ. ಪೋರ್ಚುಗಲ್ಲಿನಲ್ಲಿ ‘ಮೊಟ್ಟೆಯ ನೂಲು’ ಎಂಬರ್ಥದ ಹೆಸರಿನಿಂದ ಇದೇ ಸಿಹಿ ಇದೆ. ಜಪಾನಿನಲ್ಲೂ ಇದೆ. ಈ ನಂಟು ಬರಿಯ ಹೋಲಿಕೆಯಲ್ಲ. ಒಂದೇ ವಿಧಾನ, ಒಂದೇ ಸಮುದ್ರಮಾರ್ಗ, ಅಲ್ಲಿ ನೆಲೆಸಿದ ಜನ, ಎಲ್ಲವೂ ಸಾಕ್ಷಿ ಹೇಳುತ್ತವೆ. ಆದರೆ ಮರಿಯಾ ಒಬ್ಬಳೇ ಇದನ್ನು ತಂದಳೆಂಬ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಅವಳು ಅರಮನೆಗೆ ಹೋಗುವ ಹೊತ್ತಿಗೆ ಪೋರ್ಚುಗೀಸರು ಅಯುತ್ಥಯದಲ್ಲಿ ನೆಲೆಸಿ ಸುಮಾರು 170 ವರ್ಷಗಳಾಗಿದ್ದವು. ಅವರ ಮನೆಗಳಲ್ಲಿ ಸೌದೆ ಒಟ್ಟಿ ಪಾಕ ಕಾಸಿದವರಲ್ಲಿ ಸ್ಥಳೀಯ ಮಡದಿಯರೂ ಮಗಳಂದಿರೂ ಇದ್ದಿರಬೇಕು. ಅವರ ಹೆಸರುಗಳು ಉಳಿಯಲಿಲ್ಲ. ಮಂತ್ರಿಯ ಮಡದಿಯಾಗಿದ್ದು ದಾಸಿಯಾದವಳ ಹೆಸರು ಉಳಿಯಿತು. ಉಳಿದವರ ಶ್ರಮವೂ ಅದರ ಬೆನ್ನಿಗೆ ಸೇರಿಕೊಂಡಿತು.

ಇಂದು ಫೊಯ್ ಥೋಂಗ್ ಥಾಯ್ ಮದುವೆಗಳಲ್ಲಿ ಇರಲೇಬೇಕಾದ ಮಂಗಳದ್ರವ್ಯ. ಚಿನ್ನ ಸಂಪತ್ತಿನ ಸೂಚನೆ, ತುಂಡಾಗದ ಎಳೆ ದೀರ್ಘ ದಾಂಪತ್ಯದ ಹಾರೈಕೆ. ಪರದೇಶಿಯ ತಿಂಡಿಯನ್ನು ಅವರು ಮಂಟಪಕ್ಕೆ ಕರೆದು ಕೂರಿಸಿದ್ದಾರೆ. ನಾವು? ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಸಾರನ್ನು ಊಹಿಸಲಾರೆವು. ಮುಂಬೈಯಲ್ಲಿ ಪಾವ್ ಇಲ್ಲದ ಸಂಜೆಯೂ ಅಪರೂಪ. ಥಾಯ್ ಜನರು ಬ್ರೆಡ್ಡಿಗೆ ಹೇಳುವ ‘ಖನೊಮ್ ಪಾಂಗ್’ನಲ್ಲಿರುವುದೂ ನಮ್ಮ ಪಾವ್‌ನಲ್ಲಿರುವುದೂ ಒಂದೇ ಪೋರ್ಚುಗೀಸ್ ಶಬ್ದ. ಆದರೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಸಲ್ಲದು, ಕಾಳುಮೆಣಸೇ ಆಗಬೇಕು. ಆಲೂಗಡ್ಡೆ, ಟೊಮೇಟೊ ಹೊರಗೆ. ಕಾರಣ ಕೇಳಿದರೆ ಸಂಪ್ರದಾಯ ಎನ್ನುತ್ತೇವೆ. ಐದು ನೂರು ವರ್ಷಗಳ ಹಿಂದೆ ಹಡಗಿನಿಂದ ಇಳಿದವರನ್ನು ನಮ್ಮ ಅಡುಗೆಮನೆ ವರ್ಷಕ್ಕೊಮ್ಮೆ ಗುರುತು ಹಿಡಿದು ಬಾಗಿಲಾಚೆ ನಿಲ್ಲಿಸುತ್ತದೆ. ಉಳಿದ ದಿನಗಳಲ್ಲಿ ಅವರೇ ಮನೆಯ ಯಜಮಾನರು. ಇದರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನಲು ನಾವು ಹೊರಟಿಲ್ಲ. ಹಿರಿಯರ ಊಟದಲ್ಲಿ ಹಿರಿಯರಿಗೆ ಗೊತ್ತಿದ್ದುದನ್ನೇ ಬಡಿಸುವುದೂ ಇತಿಹಾಸದ ಒಂದು ನೆನಪೇ. ಆದರೆ ‘ನಮ್ಮದು’ ಎಂಬ ಮಾತನ್ನು ಎಷ್ಟು ಸಡಿಲವಾಗಿ ಬಳಸುತ್ತೇವೆಂಬುದು ಆ ಓಣಿಯಲ್ಲಿ ನಿಂತಾಗ ಮನಸ್ಸಿಗೆ ನಾಟಿತು. ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಬರಿಯ ತಿಂಡಿಯ ಪ್ರಶ್ನೆಯಲ್ಲ. ಯಾವುದು ನಮ್ಮದಾಗಿ ಉಳಿಯುತ್ತದೆ ಎಂಬುದು ಅದು ಎಲ್ಲಿ ಹುಟ್ಟಿತೆಂಬುದಕ್ಕಿಂತ, ಯಾರು ದಿನವೂ ಕೈಯಾರೆ ಮಾಡಿ ಬಡಿಸುತ್ತಾರೆಂಬುದನ್ನು ಅವಲಂಬಿಸಿದೆ.

ಹೊರಡುವ ಮುಂಚಿನ ಸಂಜೆ ಮತ್ತೆ ಅದೇ ತಳ್ಳುಗಾಡಿಯ ಬಳಿಗೆ ಹೋದೆವು. ಈ ಸಲ ಯಾರೂ ಪಡ್ಡು ಎನ್ನಲಿಲ್ಲ. ಆ ಹೆಂಗಸಿನಿಂದ ತಿಂಡಿಯ ಹೆಸರನ್ನು ಎರಡೆರಡು ಸಲ ಹೇಳಿಸಿಕೊಂಡು, ನಮ್ಮ ಉಚ್ಚಾರಣೆಗೆ ಅವರು ನಕ್ಕಾಗ ನಾವೂ ನಕ್ಕು, ಬಿಸಿಬಿಸಿಯಾಗಿ ತಿಂದೆವು.